ಸಿಒಪಿಡಿ ಇರೋರ ಮನೆಯವರಿಗೆ: ಇನ್‌ಹೇಲರ್, ವ್ಯಾಯಾಮ, ಆಕ್ಸಿಜನ್, ಹೊಸ ಇಂಜೆಕ್ಷನ್ ಎಲ್ಲಾ ಹೇಗೆ ಸಂಭಾಳಿಸೋದು

ರಿಪೋರ್ಟ್‌ನಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡೋಕೆ ಕಷ್ಟ ಆಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂತ ಬಂದ ಮೇಲೆ ಹೆಚ್ಚಿನ ಮನೆಗಳಲ್ಲಿ ಎರಡರಲ್ಲಿ ಒಂದಾಗುತ್ತೆ. ಒಂದೋ "ದಮ್ಮು ಕಾಯಿಲೆ, ವಯಸ್ಸಾಯ್ತಲ್ಲ, ಇನ್ನೇನ್ ಮಾಡೋಕಾಗುತ್ತೆ" ಅಂತ ಸುಮ್ಮನಾಗ್ತಾರೆ, ಇಲ್ಲಾಂದ್ರೆ ಯೂಟ್ಯೂಬ್‌ನಲ್ಲಿ ಹೊಸ ಇಂಜೆಕ್ಷನ್ ವಿಡಿಯೋ ನೋಡಿ ಅದನ್ನೇ ಬರ್ಕೊಡಿ ಅಂತ ಡಾಕ್ಟರ್ ಮುಂದೆ ಹೋಗಿ ಕೂರ್ತಾರೆ. ನಮ್ಮಮ್ಮನಿಗೂ ಇದೇ ಕಾಯಿಲೆ, ಬೀಡಿ ಸಿಗರೇಟು ಮುಟ್ಟಿದೋರಲ್ಲ, ಜೀವಮಾನವೆಲ್ಲಾ ಸೌದೆ ಒಲೆ ಮುಂದೆ ಕೂತೋರು. ಅವರನ್ನ ನೋಡ್ಕೊಳ್ತಾ, ಎದೆರೋಗದ ಡಾಕ್ಟರ್‌ಗಳು, ಫಿಸಿಯೋಥೆರಪಿಸ್ಟ್‌ಗಳು, ನರ್ಸ್‌ಗಳ ತಲೆ ತಿಂದು ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ಈ ಕಾಯಿಲೆ ಪೂರ್ತಿ ವಾಸಿ ಆಗಲ್ಲ ಅನ್ನೋದು ನಿಜ, ಆದ್ರೆ ಕಳೆದ ಹತ್ತು ವರ್ಷದಲ್ಲಿ ಇದರ ಚಿಕಿತ್ಸೆ ತುಂಬಾ ಬದಲಾಗಿದೆ, ಹೊಸದು ನಿಜವಾಗ್ಲೂ ಬಂದಿದೆ. ಆದ್ರೆ ಹೊಸದನ್ನ ಕೇಳೋಕೆ ಮುಂಚೆ ಇರೋ ಔಷಧಿ ಸರಿಯಾಗಿ ಶ್ವಾಸಕೋಶದೊಳಗೆ ಹೋಗ್ತಿದೆಯಾ ಅಂತ ನೋಡಿ, ನಾನು ಇಲ್ಲಿ ಎಲ್ಲಕ್ಕಿಂತ ಒತ್ತಿ ಹೇಳೋದು ಅದನ್ನೇ. ಡೋಸ್ ಹೆಚ್ಚು ಕಮ್ಮಿ ಮಾಡೋದು ಮಾತ್ರ ನಿಮ್ಮ ಡಾಕ್ಟರ್ ಕೆಲಸ, ಇದನ್ನ ಓದ್ಕೊಂಡು ನೀವೇ ಏನೂ ಬದಲಾಯಿಸ್ಬೇಡಿ.

ಮೊದಲು ಸ್ಪೈರೋಮೆಟ್ರಿ ಆಗಿದೆಯಾ ನೋಡಿ

ಎಷ್ಟೋ ಜನ ಬರೀ ಎದೆ ಎಕ್ಸ್‌ರೇ ನೋಡಿ, ಸ್ಟೆತಸ್ಕೋಪ್ ಇಟ್ಟು "ಅಸ್ತಮಾ" ಅಂತ ಹೇಳಿಸ್ಕೊಂಡು ವರ್ಷಗಟ್ಟಲೆ ಮಾತ್ರೆ ತಗೋತಿರ್ತಾರೆ. ಸಿಒಪಿಡಿ ಹೌದಾ ಅಲ್ವಾ ಅಂತ ಹೇಳೋ ಟೆಸ್ಟು ಸ್ಪೈರೋಮೆಟ್ರಿ, ಅಂದ್ರೆ ಒಂದು ಪೈಪು ಬಾಯಲ್ಲಿಟ್ಟುಕೊಂಡು ಪೂರ್ತಿ ಉಸಿರು ತುಂಬಿ ಜೋರಾಗಿ ಕೊನೇತನಕ ಊದೋದು. ಒಂದು ಸಲ ಊದಿಸಿ, ಶ್ವಾಸನಾಳ ಅಗಲ ಮಾಡೋ ಔಷಧಿ ಕೊಟ್ಟು, ಕಾಲು ಗಂಟೆ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸ್ತಾರೆ. ಮೊದಲ ಒಂದು ಸೆಕೆಂಡ್‌ನಲ್ಲಿ ಹೊರಗೆ ಬಂದ ಗಾಳಿ ಒಟ್ಟು ಗಾಳಿಯ 70%ಗಿಂತ ಕಮ್ಮಿ ಇದ್ರೆ, ಅದೂ ಔಷಧಿ ಕೊಟ್ಟ ಮೇಲೂ ಕಮ್ಮಿನೇ ಇದ್ರೆ, ಜೊತೆಗೆ ಲಕ್ಷಣ ಮತ್ತು ಹೊಗೆ ಕುಡಿದ ಹಿನ್ನೆಲೆ ಹೊಂದಿದ್ರೆ ಸಿಒಪಿಡಿ. ಟೆಸ್ಟಿಗೆ ಹೋಗೋ ಮುಂಚೆ ಯಾವ ಇನ್‌ಹೇಲರ್ ಎಷ್ಟು ಗಂಟೆ ನಿಲ್ಲಿಸ್ಬೇಕು ಅಂತ ಕೇಳ್ಕೊಂಡು ಹೋಗಿ.

ಆ ರಿಪೋರ್ಟ್‌ನಲ್ಲಿ ಎಫ್‌ಇವಿ1 ಅಂತ ಒಂದು ಪರ್ಸೆಂಟ್ ಇರುತ್ತೆ, ಮೊದಲ ಸೆಕೆಂಡ್‌ನಲ್ಲಿ ಊದಿದ ಗಾಳಿ ಅದೇ ವಯಸ್ಸು, ಎತ್ತರದ ಆರೋಗ್ಯವಂತರಿಗೆ ಹೋಲಿಸಿದ್ರೆ ಎಷ್ಟು ಅಂತ. 80 ಮತ್ತು ಮೇಲಿದ್ರೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, 30ಕ್ಕಿಂತ ಕೆಳಗೆ ಅತಿ ತೀವ್ರ. ಆದ್ರೆ ಈ ನಂಬರ್ ಒಂದನ್ನೇ ಹಿಡ್ಕೊಂಡು ಕೂರೋಕಾಗಲ್ಲ, ಈಗ ಡಾಕ್ಟರ್‌ಗಳು ಔಷಧಿ ಆರಿಸೋಕೆ ಹೆಚ್ಚಾಗಿ ನೋಡೋದು ಎರಡು ವಿಷಯ: ದಿನಾ ಎಷ್ಟು ಏದುಸಿರು ಬರುತ್ತೆ, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಕಾಯಿಲೆ ಏಕಾಏಕಿ ಜಾಸ್ತಿಯಾಗಿ ಸ್ಟಿರಾಯ್ಡ್, ಆಂಟಿಬಯಾಟಿಕ್ ತಗೋಬೇಕಾಯ್ತು ಅಥವಾ ಅಡ್ಮಿಟ್ ಆಗ್ಬೇಕಾಯ್ತು ಅನ್ನೋದು. ಈ ಎರಡನೇದನ್ನ ಮನೆಯವರು ತಾರೀಖು ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಓಪಿಡಿಯಲ್ಲಿ ಐದು ನಿಮಿಷದಲ್ಲಿ ನೆನಪು ಮಾಡ್ಕೊಂಡು ಹೇಳೋಕೆ ಆಗಲ್ಲ, ಅದರ ಮೇಲೇನೇ ಮುಂದಿನ ಔಷಧಿ ನಿಂತಿರುತ್ತೆ.

ಹಿಂದೆ ಟಿಬಿ ಆಗಿ ವಾಸಿಯಾಗಿದ್ರೆ ಅದನ್ನ ತಪ್ಪದೇ ಹೇಳಿ. ಟಿಬಿ ಬಿಟ್ಟು ಹೋದ ಗಾಯದಿಂದಾನೂ ಶ್ವಾಸನಾಳ ಕಿರಿದಾಗುತ್ತೆ, ನಮ್ಮ ಕಡೆ ಇದು ತುಂಬಾ ಜನಕ್ಕಿದೆ, ನಾಚಿಕೆಗೋ ಭಯಕ್ಕೋ ಮುಚ್ಚಿಡ್ತಾರೆ.

ಹೊಗೆ ನಿಲ್ಲಿಸೋದು, ಬಚ್ಚಲ ಒಲೆಯಿಂದ ಶುರು ಮಾಡಿ

2016ರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಸಿಒಪಿಡಿ ಇತ್ತು. ಅದರಲ್ಲಿ ಒಂದು ದಿನಾನೂ ಬೀಡಿ ಸೇದದೇ ಇರೋ ಹೆಂಗಸರೂ ಬೇಕಾದಷ್ಟು ಜನ ಇದಾರೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಬಂತು, ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಇರ್ತಾರೆ ಅನ್ನೋದನ್ನ ಎಷ್ಟು ವರ್ಷ ಅನ್ನೋದರಿಂದ ಗುಣಿಸಿದ್ರು, ಅದು 60 ದಾಟಿದ್ರೆ ದೀರ್ಘಕಾಲದ ಕಫ ಕೆಮ್ಮಿನ ಕಾಯಿಲೆಗೆ ಸ್ಪಷ್ಟ ಸಂಬಂಧ ಕಂಡಿತ್ತು. ಲೆಕ್ಕ ಹಾಕಿ ನೋಡಿ, ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ, ಅಷ್ಟೇ ಅರವತ್ತು. ಹದಿನೆಂಟಕ್ಕೆ ಮದುವೆಯಾಗಿ ಬಂದೋಳು ನಲವತ್ತು ತುಂಬೋ ಹೊತ್ತಿಗೆ ಅಲ್ಲಿಗೆ ಮುಟ್ಟಿರ್ತಾಳೆ.

ಈಗ ಎಲ್ಲರ ಮನೇಲೂ ಗ್ಯಾಸ್ ಇದೆಯಲ್ಲ ಅಂತೀರಿ. ಅಡುಗೆಮನೇಲಿ ಇದೆ, ಬಚ್ಚಲುಮನೇಲಿ? ನಮ್ಮೂರಲ್ಲಿ ಇವತ್ತಿಗೂ ಬೆಳಿಗ್ಗೆ ಐದೂವರೆಗೆ ಹಂಡೆ ಒಲೆಗೆ ತೆಂಗಿನ ಮಟ್ಟೆ, ಸೋಗೆ, ಹಸಿ ಸೌದೆ ತುರುಕಿ ಊದುಕೊಳವೇಲಿ ಊದ್ತಾ ಕೂರೋದು ಮನೆಯ ಹಿರಿ ಹೆಂಗಸೇ. ಡಾಕ್ಟರ್ ಕೇಳಿದ್ರೆ "ಗ್ಯಾಸಲ್ಲೇ ಅಡುಗೆ ಮಾಡ್ತೀವಿ ಸಾರ್" ಅಂತಾರೆ, ಸುಳ್ಳೂ ಅಲ್ಲ. ಮಲೆನಾಡು, ಕರಾವಳಿ ಕಡೆ ಅಡಿಕೆ ಸಿಪ್ಪೆ ಹಾಕೋ ಒಲೆಗಳೂ ಹೀಗೇ ಹೊಗೆ ಕಾರ್ತವೆ. ಸಿಒಪಿಡಿ ಇರೋರನ್ನ ಈ ಕೆಲಸದಿಂದ ಬಿಡಿಸೋದು ಎಷ್ಟು ದುಡ್ಡು ಕೊಟ್ಟು ತಂದ ಔಷಧಿಗಿಂತಲೂ ಮುಖ್ಯ. ಸೋಲಾರ್ ಅಥವಾ ಗ್ಯಾಸ್ ಗೀಸರ್ ಹಾಕ್ಸೋಕಾದ್ರೆ ಹಾಕ್ಸಿ, ಆಗಲ್ಲ ಅಂದ್ರೆ ಒಲೆ ಹಚ್ಚೋದು ಬೇರೆಯವರು ಮಾಡಲಿ, ಒಲೆಗೆ ಸೂರು ದಾಟೋ ಹಾಗೆ ಹೊಗೆಕೊಳವೆ ಇರಲಿ, ಹೊಗೆ ಆರೋವರೆಗೂ ಅವರು ಆ ಕಡೆ ಹೋಗದೇ ಇರಲಿ. ಸೊಳ್ಳೆಬತ್ತಿ, ಲೋಬಾನ, ದೇವರ ಕೋಣೆ ಬಾಗಿಲು ಮುಚ್ಚಿ ಹಚ್ಚೋ ಊದುಬತ್ತಿ ಇವೂ ಅದೇ ಲೆಕ್ಕಕ್ಕೇ.

ಬೀಡಿ ಸಿಗರೇಟು ಸೇದೋರಾದ್ರೆ ಕಾಯಿಲೆ ಓಡೋ ವೇಗಾನ ಕಮ್ಮಿ ಮಾಡೋದು ಅದನ್ನ ಬಿಡೋದು, ಅದಕ್ಕೆ ಸಮ ಇನ್ನೊಂದಿಲ್ಲ. ಬರೀ ಬೈದ್ರೆ ಯಾರೂ ಬಿಡಲ್ಲ, ಬೈಸ್ಕೊಂಡೋರು ಹಿತ್ತಲಿಗೆ ಹೋಗಿ ಸೇದ್ತಾರೆ ಅಷ್ಟೇ. 1800-11-2356 ಅಂತ ಸರ್ಕಾರದ ತಂಬಾಕು ಬಿಡಿಸೋ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ದುಡ್ಡೇನೂ ಇಲ್ಲ. ನಿಕೋಟಿನ್ ಗಮ್, ಪ್ಯಾಚ್, ವರೆನಿಕ್ಲಿನ್ ಮಾತ್ರೆ ಇವೆಲ್ಲಾ ಡಾಕ್ಟರ್ ಹತ್ರ ಕೇಳಿ, ಔಷಧಿ ಜೊತೆ ಮಾತಿನ ಬೆಂಬಲ ಎರಡೂ ಸೇರಿದ್ರೆ ಬಿಡೋ ಸಾಧ್ಯತೆ ಜಾಸ್ತಿ.

ಇನ್‌ಹೇಲರ್ ಹೊಡೆಯೋದನ್ನ ಕಣ್ಣಾರೆ ನೋಡಿ

ಇಲ್ಲಿ ನಿಧಾನಕ್ಕೆ ಓದಿ ಪ್ಲೀಸ್. "ಔಷಧಿ ಕೆಲ್ಸ ಮಾಡ್ತಿಲ್ಲ" ಅನ್ನೋ ದೂರಲ್ಲಿ ದೊಡ್ಡ ಪಾಲು ಔಷಧಿ ಒಳಗೇ ಹೋಗದೇ ಇರೋದು. ಅಮ್ಮನ ವಿಷಯದಲ್ಲಿ ಅದನ್ನ ಕಂಡುಹಿಡಿದಿದ್ದು ಒಬ್ಬ ನರ್ಸು. "ಹೇಗೆ ತಗೋತೀರಾ ತೋರ್ಸಿ ಅಮ್ಮಾ" ಅಂದ್ರು, ಅಮ್ಮ ಪಂಪ್ ಒತ್ತಿದ್ರು, ತುಟಿ ಪಕ್ಕದಿಂದ ಬಿಳಿ ಹೊಗೆ ಹಾಗೆ ಔಷಧಿ ಹೊರಗೆ ಬಂತು. ಒತ್ತೋದು ಒಂದು ಕ್ಷಣ, ಉಸಿರು ಎಳೆಯೋದು ಇನ್ನೊಂದು ಕ್ಷಣ, ಎರಡೂ ಜೊತೆಗೆ ಕೂಡ್ತಾನೇ ಇರಲಿಲ್ಲ. ಆ ನರ್ಸು ಔಷಧಿ ಬದಲಾಯಿಸ್ಲಿಲ್ಲ, ಒಂದು ಸ್ಪೇಸರ್ (ಪಂಪ್‌ಗೂ ಬಾಯಿಗೂ ಮಧ್ಯೆ ಹಾಕೋ ಪ್ಲಾಸ್ಟಿಕ್ ಕೊಳವೆ) ಹಾಕ್ಸಿದ್ರು, ಎದುರಿಗೆ ಕೂರಿಸ್ಕೊಂಡು ಮತ್ತೆ ಮತ್ತೆ ಮಾಡಿಸಿದ್ರು. ಅದಾದ ಮೇಲೆ ಅಮ್ಮ ನಡುವೆ ಕೂರದೇ ಬಾವಿಕಟ್ಟೆ ತನಕ ಹೋಗಿ ಬರೋಕೆ ಶುರು ಮಾಡಿದ್ರು.

ಪಂಪ್ ಥರದ ಇನ್‌ಹೇಲರ್ ಆದ್ರೆ ಚೆನ್ನಾಗಿ ಅಲ್ಲಾಡಿಸಿ, ಹೊಸದಾಗಿದ್ರೆ ಅಥವಾ ಸುಮಾರು ದಿನ ಬಳಸದೇ ಇಟ್ಟಿದ್ರೆ ಗಾಳಿಗೆ ಎರಡು ಮೂರು ಸಲ ಒತ್ತಿ. ನೆಟ್ಟಗೆ ಕೂತು ಉಸಿರು ಪೂರ್ತಿ ಹೊರಗೆ ಬಿಡಿ, ಬಾಯಿ ಬಿಗಿಯಾಗಿ ಮುಚ್ಚಿ, ಉಸಿರು ಎಳೆಯೋಕೆ ಶುರು ಮಾಡ್ತಾ ಒಂದೇ ಸಲ ಒತ್ತಿ, ನಿಧಾನಕ್ಕೆ ಮೂರರಿಂದ ಐದು ಸೆಕೆಂಡ್ ಎಳೆದು, ಹತ್ತು ಎಣಿಸೋವರೆಗೂ ಹಿಡಿದಿಟ್ಕೊಂಡು ಬಿಡಿ. ಎರಡನೇ ಪಫ್ ಬೇಕಿದ್ರೆ ಅರ್ಧ ನಿಮಿಷ ಒಂದು ನಿಮಿಷ ತಡೆದು ಮತ್ತೆ ಅಲ್ಲಾಡಿಸಿ ತಗೊಳ್ಳಿ, ಎರಡನ್ನೂ ಒಟ್ಟಿಗೆ ಒತ್ಬೇಡಿ. ವಯಸ್ಸಾದೋರಿಗೆ ಸ್ಪೇಸರ್ ಹಾಕೋದೇ ವಾಸಿ, ಹಾಕಿದ್ರೆ ಈ ಟೈಮಿಂಗ್ ತಲೆನೋವು ಹೋಗುತ್ತೆ, ಔಷಧಿ ಗಂಟಲಲ್ಲಿ ಕೂರೋದೂ ಕಮ್ಮಿ. ಸ್ಪೇಸರ್‌ನ ಸೋಪು ನೀರಲ್ಲಿ ತೊಳೆದು ಹಾಗೇ ಆರೋಕೆ ಬಿಡಿ, ಬಟ್ಟೇಲಿ ಉಜ್ಜಿ ಒರೆಸಿದ್ರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ಹುಟ್ಟಿ ಔಷಧಿ ಗೋಡೆಗೇ ಅಂಟ್ಕೊಳ್ಳುತ್ತೆ.

ಕ್ಯಾಪ್ಸೂಲ್ ಹಾಕೋ ರೋಟಾಹೇಲರ್, ರೆವೊಲೈಸರ್ ಥರದ್ದು ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಒತ್ತೋ ಗ್ಯಾಸ್ ಇಲ್ಲ, ಪುಡಿಯನ್ನ ಒಳಗೆ ಎಳ್ಕೊಳ್ಳೋ ಶಕ್ತಿ ರೋಗಿಯ ಉಸಿರೇ ಕೊಡ್ಬೇಕು, ಅದಕ್ಕೆ ಜೋರಾಗಿ, ಆಳವಾಗಿ ಎಳೀಬೇಕು. ಅದರೊಳಗೆ ಯಾವತ್ತೂ ಊದ್ಬೇಡಿ, ಬಾಯಿಯ ತೇವಕ್ಕೆ ಪುಡಿ ಅಂಟುತ್ತೆ. ಎಳೆದಾದ ಮೇಲೆ ತೆಗೆದು ನೋಡಿ, ಪುಡಿ ಉಳಿದಿದ್ರೆ ಮತ್ತೊಂದು ಸಲ ಎಳೀಲಿ. ಮಳೆಗಾಲದಲ್ಲಿ ಕ್ಯಾಪ್ಸೂಲ್ ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಒದ್ದೆ ಕೈಯಲ್ಲಿ ಮುಟ್ಬೇಡಿ. ಮತ್ತೆ ಇದನ್ನ ಹೇಳಲೇಬೇಕು: ಆ ಕ್ಯಾಪ್ಸೂಲ್‌ನ ನೀರು ಕುಡಿದು ನುಂಗೋರು ಇದಾರೆ, ಯಾಕಂದ್ರೆ ನೋಡೋಕೆ ಮಾತ್ರೆ ಥರನೇ ಇರುತ್ತೆ, ಮೆಡಿಕಲ್ ಶಾಪ್‌ನಲ್ಲಿ ಯಾರೂ ಹೇಳಿರಲ್ಲ. ಉಸಿರೆಳೆಯೋ ಶಕ್ತಿ ತೀರಾ ಕಮ್ಮಿಯಾಗಿರೋರಿಗೆ ಪುಡಿ ಇನ್‌ಹೇಲರ್ ಸರಿ ಹೋಗಲ್ಲ, ಸ್ಪೇಸರ್ ಅಥವಾ ನೆಬ್ಯುಲೈಜರ್ (ಔಷಧಿಯನ್ನ ಮಂಜಿನ ಹಾಗೆ ಮಾಡಿ ಮಾಸ್ಕ್‌ನಲ್ಲಿ ಕೊಡೋ ಮೆಷಿನ್) ಬೇಕಾಗುತ್ತೆ, ಇದನ್ನ ಡಾಕ್ಟರ್‌ಗೆ ನೀವೇ ಎತ್ತಿ ಹೇಳಿ.

ಪಂಪ್ ಖಾಲಿ ಆಯ್ತಾ ಅಂತ ನೀರಲ್ಲಿ ತೇಲಿಸಿ ನೋಡೋದೂ, ಅಲ್ಲಾಡಿಸಿ ನೋಡೋದೂ ನಂಬೋ ಹಾಗಿಲ್ಲ, ಔಷಧಿ ಮುಗಿದ ಮೇಲೂ ಗ್ಯಾಸ್ ಬರ್ತಾ ಇರುತ್ತೆ. ಕೌಂಟರ್ ಇಲ್ಲದಿದ್ರೆ ಲೆಕ್ಕ ಹಾಕಿ, 120 ಪಫ್ ಇದ್ದು ದಿನಕ್ಕೆ ನಾಲ್ಕು ತಗೊಂಡ್ರೆ 30 ದಿನ, ಶುರು ಮಾಡಿದ ತಾರೀಖನ್ನ ಡಬ್ಬಿ ಮೇಲೆ ಪೆನ್ನಲ್ಲಿ ಬರೀರಿ.

ಪ್ರತಿ ಸಲ ಡಾಕ್ಟರ್ ಹತ್ರ ಹೋದಾಗ ಇನ್‌ಹೇಲರ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಅವರ ಮುಂದೆ ಹೊಡೆದು ತೋರ್ಸಿ. "ಅಭ್ಯಾಸ ಆಗಿಬಿಡುತ್ತೆ" ಅನ್ನೋ ಭಯಕ್ಕೆ ಇನ್‌ಹೇಲರ್ ದೂರ ಇಟ್ಟು ಮಾತ್ರೆ ಹಿಂದೆ ಹೋಗೋದು ನಮ್ಮ ಕಡೆ ದೊಡ್ಡ ಪಿಡುಗು, ಬಾಯಿಂದ ನುಂಗೋ ಸ್ಟಿರಾಯ್ಡ್ ಮಾತ್ರೆ ಮೈಯೆಲ್ಲಾ ಸುತ್ತುತ್ತೆ, ಇನ್‌ಹೇಲರ್ ಔಷಧಿ ಬಹುಪಾಲು ಬೇಕಾದ ಕಡೆಗೇ ಹೋಗುತ್ತೆ, ಡೋಸೂ ಮೈಕ್ರೋಗ್ರಾಂ ಲೆಕ್ಕದಲ್ಲಿ.

ಯಾವ ಔಷಧಿ ಯಾಕೆ

ತಕ್ಷಣ ಉಸಿರು ಸಲೀಸು ಮಾಡೋ ಸಾಲ್ಬ್ಯುಟಮಾಲ್, ಲೆವೋಸಾಲ್ಬ್ಯುಟಮಾಲ್ ಬೇರೆ, ದಿನಾ ತಗೋಬೇಕಾದ ದೀರ್ಘಾವಧಿಯ ಔಷಧಿ ಬೇರೆ. ಎಷ್ಟೋ ಜನ ಮೊದಲನೇದನ್ನೇ ದಿನಕ್ಕೆ ಹತ್ತು ಸಲ ಹೊಡ್ಕೊಂಡು ಕೈ ನಡುಗಿಸ್ಕೊಂಡು ಎದೆ ಡವಡವ ಮಾಡ್ಕೊಂಡು ಕೂತಿರ್ತಾರೆ. ದೀರ್ಘಾವಧಿಯಲ್ಲಿ ಎರಡು ಥರ, ಒಂದು ಟಯೋಟ್ರೋಪಿಯಂ, ಗ್ಲೈಕೋಪೈರೋನಿಯಂ ಗುಂಪು, ಇನ್ನೊಂದು ಫಾರ್ಮೊಟೆರಾಲ್, ಇಂಡಕಟೆರಾಲ್ ಗುಂಪು. ಈಗ ಹೆಚ್ಚಿನವರಿಗೆ ಎರಡನ್ನೂ ಒಂದೇ ಇನ್‌ಹೇಲರ್‌ನಲ್ಲಿ ಕೊಡ್ತಾರೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇದ್ರೆ ಮೊದಲನೇ ಗುಂಪಿನ ವಿಷಯದಲ್ಲಿ ಡಾಕ್ಟರ್‌ಗೆ ಮುಂಚೆನೇ ತಿಳಿಸಿ, ಮೂತ್ರ ಕಟ್ಟೋದು, ಕಣ್ಣಿನ ಒತ್ತಡ ಏರೋದು ಆಗ್ಬಹುದು.

ಮೂರನೇದು ಸ್ಟಿರಾಯ್ಡ್. ಇದು ಎಲ್ಲರಿಗೂ ಅಲ್ಲ. ಮೇಲಿಂದ ಮೇಲೆ ಜಾಸ್ತಿಯಾಗ್ತಿರೋರಿಗೆ, ಅದರಲ್ಲೂ ರಕ್ತದಲ್ಲಿ ಇಯೋಸಿನೋಫಿಲ್ ಅನ್ನೋ ಕಣ 300 ಅಥವಾ ಮೇಲಿರೋರಿಗೆ ಚೆನ್ನಾಗಿ ಉಪಯೋಗ ಆಗುತ್ತೆ, 100ಕ್ಕಿಂತ ಕಮ್ಮಿ ಇರೋರಿಗೆ ಲಾಭ ಕಮ್ಮಿ, ನ್ಯುಮೋನಿಯಾ ಭಯ ಮಾತ್ರ ಉಳಿಯುತ್ತೆ. ಮೂರೂ ಸೇರಿದ ಒಂದೇ ಇನ್‌ಹೇಲರ್‌ನ ದೊಡ್ಡ ಟ್ರಯಲ್‌ಗಳು 2018ರಲ್ಲಿ ಇಂಪ್ಯಾಕ್ಟ್, 2020ರಲ್ಲಿ ಎಥೋಸ್ ಹೆಸರಲ್ಲಿ ಬಂದ್ವು, ಆ ಥರದ ರೋಗಿಗಳಲ್ಲಿ ಕಾಯಿಲೆ ಏರೋದು ಕಮ್ಮಿಯಾಯ್ತು, ಸಾವೂ ಕಮ್ಮಿಯಾಗೋ ಸೂಚನೆ ಸಿಕ್ತು. ಸ್ಟಿರಾಯ್ಡ್ ಇರೋ ಇನ್‌ಹೇಲರ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟುತ್ತೆ, ದನಿ ಒಡೆಯುತ್ತೆ.

ಡೆರಿಫಿಲಿನ್ ಮಾತ್ರೆ ಬಗ್ಗೆ ಕೇಳೋರು ಬಹಳ. ಅದರಲ್ಲಿರೋದು ಥಿಯೋಫಿಲಿನ್ ಜಾತಿಯ ಹಳೇ ಔಷಧಿ. ಕಡಿಮೆ ಡೋಸ್ ಥಿಯೋಫಿಲಿನ್‌ನ ಇನ್‌ಹೇಲ್ಡ್ ಸ್ಟಿರಾಯ್ಡ್ ಜೊತೆ ಸೇರಿಸಿ ಬ್ರಿಟನ್‌ನಲ್ಲಿ ಮಾಡಿದ ಟ್ರಯಲ್ 2018ರಲ್ಲಿ ಬಂತು, ಕಾಯಿಲೆ ಏರೋದನ್ನ ಅದು ಕಮ್ಮಿ ಮಾಡ್ಲಿಲ್ಲ. ಥಿಯೋಫಿಲಿನ್ ರಕ್ತದಲ್ಲಿ ಸ್ವಲ್ಪ ಜಾಸ್ತಿಯಾದ್ರೂ ವಾಂತಿ, ಎದೆಬಡಿತದ ಏರುಪೇರು, ಫಿಟ್ಸ್ ಬರ್ಬಹುದು, ಸಿಪ್ರೋಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್ ಜೊತೆ ಅದರ ಮಟ್ಟ ಏರುತ್ತೆ. ಹಾಗಂತ ಇವತ್ತೇ ನಿಲ್ಲಿಸ್ಬೇಡಿ, "ಇದು ಇನ್ನೂ ಬೇಕಾ" ಅಂತ ಡಾಕ್ಟರ್‌ನ ಕೇಳಿ. ಬೆಲೆ ಭಾರ ಆದ್ರೆ ಜನೌಷಧಿ ಕೇಂದ್ರದಲ್ಲಿ ಅದೇ ಸಾಲ್ಟ್ ಸಿಗುತ್ತಾ ವಿಚಾರಿಸಿ, ಆದ್ರೆ ಡಿವೈಸ್ ಬದಲಾದ್ರೆ ಹೊಡೆಯೋ ರೀತೀನೂ ಬದಲಾಗುತ್ತೆ, ಮತ್ತೆ ಕಲೀಬೇಕು.

ನಡೆಸಿ, ಕೂರಿಸ್ಬೇಡಿ

ಉಸಿರು ಕಟ್ಟುತ್ತೆ ಅಂತ ಕೂತ್ರೆ ಕಾಲಿನ ಮಾಂಸಖಂಡ ಸೊರಗುತ್ತೆ, ಸೊರಗಿದ ಕಾಲು ಅಷ್ಟೇ ದೂರಕ್ಕೆ ಇನ್ನೂ ಜಾಸ್ತಿ ಆಕ್ಸಿಜನ್ ಕೇಳುತ್ತೆ, ಮತ್ತೆ ಏದುಸಿರು ಜಾಸ್ತಿ. ಪ್ರೀತಿಯಿಂದಲೇ ಮಕ್ಕಳು "ನೀನು ಏಳ್ಬೇಡಮ್ಮ" ಅಂತಾರೆ, ಅದೇ ಮುಳುವಾಗುತ್ತೆ. ಪಲ್ಮನರಿ ರಿಹ್ಯಾಬಿಲಿಟೇಶನ್ ಅಂತ ಆರರಿಂದ ಎಂಟು ವಾರದ, ವಾರಕ್ಕೆ ಎರಡು ಸಲನಾದ್ರೂ ಮಾಡೋ ವ್ಯಾಯಾಮ ತರಬೇತಿ ಇದೆ, ಏದುಸಿರು ಕಮ್ಮಿ ಮಾಡೋದ್ರಲ್ಲಿ ಇದು ಎಷ್ಟೋ ಔಷಧಿಗಳಿಗಿಂತ ಮೇಲು. ಅಮೆರಿಕಾದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಸುಮಾರು 1.97 ಲಕ್ಷ ಹಿರಿಯ ಸಿಒಪಿಡಿ ರೋಗಿಗಳ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಬಂತು, 90 ದಿನದೊಳಗೆ ರಿಹ್ಯಾಬ್ ಶುರು ಮಾಡಿದೋರಲ್ಲಿ ವರ್ಷದೊಳಗಿನ ಸಾವು ಕಮ್ಮಿ ಇತ್ತು. ಅದಕ್ಕೆ ಡಿಸ್ಚಾರ್ಜ್ ದಿನಾನೇ ಫಿಸಿಯೋಥೆರಪಿಗೆ ಬರೆಸ್ಕೊಳ್ಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಕಡೆ ಮೊದಲು ವಿಚಾರಿಸಿ.

ಊರಲ್ಲಿ ಅಂಥದ್ದೇನೂ ಇಲ್ಲ ಅಂದ್ರೂ ಡಾಕ್ಟರ್ ಒಪ್ಪಿಗೆ ತಗೊಂಡು ಮನೇಲೇ ಶುರು ಮಾಡ್ಬಹುದು. ಸಮತಟ್ಟು ಜಾಗದಲ್ಲಿ ನಡಿಗೆ, ಮಾತಾಡೋಕಾಗ್ಬೇಕು ಆದ್ರೆ ಹಾಡೋಕಾಗ್ಬಾರ್ದು ಅಷ್ಟು ವೇಗ, ಬೇಕಾದಾಗ ನಿಂತು ಸುಧಾರಿಸ್ಕೊಂಡು ಮತ್ತೆ. ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು, ಒಂದು ನಿಮಿಷದಲ್ಲಿ ಎಷ್ಟಾಯ್ತು ಅಂತ ಬರೆದಿಡಿ. ಅರ್ಧ ಲೀಟರ್ ನೀರಿನ ಬಾಟ್ಲಿ ಹಿಡಿದು ಕೈ ಎತ್ತಿ ಇಳಿಸೋದು.

ಸಿಒಪಿಡಿಯಲ್ಲಿ ಗಾಳಿ ಒಳಗೆ ಹೋಗೋದಕ್ಕಿಂತ ಹೊರಗೆ ಬರೋದು ಕಷ್ಟ. ಹಳೇ ಗಾಳಿ ಒಳಗೇ ಸಿಕ್ಕಿಹಾಕ್ಕೊಂಡು ಎದೆ ಉಬ್ಬಿರುತ್ತೆ, ಹೊಸದಕ್ಕೆ ಜಾಗ ಇರಲ್ಲ, ಗಾಬರಿಗೆ ಬೇಗ ಬೇಗ ಉಸಿರಾಡಿದಷ್ಟೂ ಇನ್ನೂ ಜಾಸ್ತಿ ಸಿಕ್ಕಿಹಾಕ್ಕೊಳ್ಳುತ್ತೆ. ಅದಕ್ಕೆ ಮೂಗಿಂದ ಎರಡು ಎಣಿಸೋವಷ್ಟು ಎಳೆದು, ಶಿಳ್ಳೆ ಹೊಡೆಯೋ ಹಾಗೆ ತುಟಿ ಮಾಡಿ ನಾಲ್ಕು ಎಣಿಸೋವಷ್ಟು ನಿಧಾನಕ್ಕೆ ಬಿಡೋದನ್ನ ಕಲಿಸಿ. ಮುಂದಕ್ಕೆ ಬಾಗಿ ಮೊಣಕೈ ತೊಡೆ ಮೇಲೆ ಊರಿ ಕೂತ್ರೆ, ಮುಖಕ್ಕೆ ಸಣ್ಣ ಫ್ಯಾನ್ ಗಾಳಿ ಬೀಸಿದ್ರೆ ಏದುಸಿರಿನ ಹಿಂಸೆ ಕಮ್ಮಿಯಾಗುತ್ತೆ. ಸ್ನಾನ ಸ್ಟೂಲ್ ಮೇಲೆ ಕೂತು ಮಾಡಲಿ. ಹೊಟ್ಟೆ ಬಿರಿಯ ಉಂಡ್ರೆ ಎದೆ ಹೊಟ್ಟೆ ಮಧ್ಯೆ ಇರೋ ಉಸಿರಾಟದ ಸ್ನಾಯು ಡಯಾಫ್ರಾಮ್‌ಗೆ ಜಾಗ ಸಾಲಲ್ಲ, ಒಂದು ಪೂರ್ತಿ ಮುದ್ದೆ ಬದಲು ಅರ್ಧರ್ಧ ಎರಡು ಸಲ ಕೊಡಿ, ಬೇಳೆ, ಮೊಟ್ಟೆ, ಮೊಸರು ತಪ್ಪಿಸ್ಬೇಡಿ, ತೂಕ ಇಳೀತಾ ಇದ್ರೆ ಡಾಕ್ಟರ್‌ಗೆ ಹೇಳಿ. ಫ್ಲೂ ಲಸಿಕೆ ವರ್ಷಕ್ಕೊಂದು, ನ್ಯುಮೋಕಾಕಲ್ ಲಸಿಕೆ ಯಾವುದು ಅಂತ ಡಾಕ್ಟರ್ ಹೇಳ್ತಾರೆ, ಎರಡೂ ಹಾಕ್ಸಿ.

ಹೊಸದಾಗಿ ಬಂದಿರೋದು ಯಾರಿಗೆ

ಡುಪಿಲುಮ್ಯಾಬ್ ಅನ್ನೋ ಇಂಜೆಕ್ಷನ್‌ಗೆ 2024ರಲ್ಲಿ ಮೊದಲು ಯುರೋಪಲ್ಲಿ, ಆಮೇಲೆ ಅಮೆರಿಕಾದಲ್ಲಿ ಸಿಒಪಿಡಿಗೆ ಒಪ್ಪಿಗೆ ಸಿಕ್ತು, ಸಿಒಪಿಡಿಗೆ ಬಂದ ಮೊದಲನೇ ಬಯೋಲಾಜಿಕ್ (ಜೀವಕೋಶಗಳಿಂದ ತಯಾರಿಸೋ ಪ್ರೋಟೀನ್ ಔಷಧಿ) ಇದು. ಎರಡು ವಾರಕ್ಕೊಂದು ಸಲ ಚರ್ಮದ ಕೆಳಗೆ ಚುಚ್ಚೋದು. ಮೂರೂ ಔಷಧಿಯ ಇನ್‌ಹೇಲರ್ ತಗೊಂಡೂ ಕಾಯಿಲೆ ಏರ್ತಾನೇ ಇರೋ, ಇಯೋಸಿನೋಫಿಲ್ 300 ಅಥವಾ ಮೇಲಿರೋ ರೋಗಿಗಳಲ್ಲಿ ಎರಡು ಟ್ರಯಲ್‌ಗಳಲ್ಲಿ ಏರೋದು 30%, 34% ಕಮ್ಮಿಯಾಯ್ತು. 2025ರ ಮೇನಲ್ಲಿ ಮೆಪೊಲಿಝುಮ್ಯಾಬ್‌ಗೂ ಅಮೆರಿಕಾದಲ್ಲಿ ಒಪ್ಪಿಗೆ ಬಂತು, ಅದು ನಾಲ್ಕು ವಾರಕ್ಕೊಂದು. ಎರಡೂ ತುಂಬಾ ದುಬಾರಿ, ಇಯೋಸಿನೋಫಿಲ್ ಕಮ್ಮಿ ಇರೋರಿಗೆ ಇವಲ್ಲ.

ಇಲ್ಲಿ ನಮ್ಮವರು ಗಮನಿಸ್ಬೇಕಾದ್ದು ಒಂದಿದೆ. ಹೊಟ್ಟೆ ಹುಳು, ಫೈಲೇರಿಯಾ ಸೋಂಕಿಂದಾನೂ ಇಯೋಸಿನೋಫಿಲ್ ಏರುತ್ತೆ, ಬರಿಗಾಲಲ್ಲಿ ಹೊಲ ತೋಟ ತಿರುಗೋರಿಗೆ ಇದು ಅಪರೂಪ ಅಲ್ಲ. ಹುಳು ಇದ್ರೆ ಈ ಇಂಜೆಕ್ಷನ್ ಶುರು ಮಾಡೋಕೆ ಮುಂಚೆ ಅದಕ್ಕೆ ಚಿಕಿತ್ಸೆ ಆಗ್ಬೇಕು. ಸ್ಟಿರಾಯ್ಡ್ ಮಾತ್ರೆ ತಗೋತಿರೋವಾಗ ಈ ಕಣ ಕೆಳಗಿಳಿದಿರುತ್ತೆ, ಹಾಗಾಗಿ ಕಾಯಿಲೆ ಹತೋಟೀಲಿರೋವಾಗ ಮಾಡಿಸಿದ ರಕ್ತದ ರಿಪೋರ್ಟ್‌ಗೇ ಬೆಲೆ. ಇದು ಸಾಮಾನ್ಯ ಸಿಬಿಸಿ ಟೆಸ್ಟಲ್ಲೇ ಬರುತ್ತೆ, ಹಳೇ ರಿಪೋರ್ಟ್‌ಗಳನ್ನ ಎಸೀಬೇಡಿ. ಅದರಲ್ಲಿ ಬರೀ ಪರ್ಸೆಂಟ್ ಕೊಟ್ಟಿದ್ರೆ ಒಟ್ಟು ಬಿಳಿ ರಕ್ತಕಣದ ಜೊತೆ ಗುಣಿಸಿ, 8000 ಇದ್ದು 4% ಅಂದ್ರೆ 320.

ಎನ್ಸಿಫೆಂಟ್ರಿನ್ ಅಂತ ನೆಬ್ಯುಲೈಜರ್‌ನಲ್ಲಿ ದಿನಕ್ಕೆರಡು ಸಲ ತಗೊಳ್ಳೋ ಔಷಧಿಗೆ 2024ರ ಜೂನ್‌ನಲ್ಲಿ ಅಮೆರಿಕಾ ಒಪ್ಪಿಗೆ ಕೊಡ್ತು, ಶ್ವಾಸನಾಳ ಅಗಲ ಮಾಡೋದೂ ಉರಿಯೂತ ತಗ್ಗಿಸೋದೂ ಎರಡನ್ನೂ ಒಂದೇ ಮಾಡುತ್ತೆ. ಹಳೇ ಔಷಧಿಗಳಲ್ಲಿ ರೋಫ್ಲುಮಿಲಾಸ್ಟ್ ಮಾತ್ರೆ, ದೀರ್ಘಕಾಲದ ಅಜಿಥ್ರೋಮೈಸಿನ್ ಆಯ್ದ ಕೆಲವರಿಗೆ ಕೊಡ್ತಾರೆ. ಅಜಿಥ್ರೋಮೈಸಿನ್‌ಗೆ ಕಿವಿ ಮತ್ತು ಇಸಿಜಿ ನೋಡಿಸ್ಬೇಕು, ಈಗಲೂ ಸೇದ್ತಿರೋರಿಗೆ ಉಪಯೋಗ ಕಮ್ಮಿ.

ಎಂಫಿಸೀಮಾ, ಅಂದ್ರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗೋದು, ಜಾಸ್ತಿಯಾಗಿ ಎದೆ ತುಂಬಾ ಉಬ್ಬಿರೋರಿಗೆ ಬ್ರಾಂಕೋಸ್ಕೋಪ್ ಮೂಲಕ ಸಣ್ಣ ವಾಲ್ವ್ ಕೂರಿಸ್ತಾರೆ, ಕೆಟ್ಟ ಭಾಗದಿಂದ ಗಾಳಿ ಹೊರಗೆ ಬರುತ್ತೆ, ಒಳಗೆ ಹೋಗಲ್ಲ, ಅದು ಕುಗ್ಗಿ ಚೆನ್ನಾಗಿರೋ ಭಾಗಕ್ಕೆ ಜಾಗ ಸಿಗುತ್ತೆ. ಎದೆ ಕೊಯ್ಯೋ ಆಪರೇಷನ್ ಬೇಡ. ಆದ್ರೆ ಸಿಟಿ ಸ್ಕ್ಯಾನ್‌ನಲ್ಲಿ ಎಲ್ಲಾ ಹೊಂದ್ಬೇಕು, ಸೇದೋದು ನಿಂತಿರ್ಬೇಕು, ಮತ್ತೆ ಟ್ರಯಲ್‌ನಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಶ್ವಾಸಕೋಶದ ಸುತ್ತ ಗಾಳಿ ಸೋರಿತ್ತು, ಅದನ್ನೂ ಕೇಳಿ ತಿಳ್ಕೊಂಡೇ ಒಪ್ಕೊಳ್ಳಿ.

ಮನೇಲಿ ಬಳಸೋ ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗೋ ಮೆಷಿನ್) ಬಗ್ಗೆ ಇನ್ನೂ ತುಂಬಾ ಜನಕ್ಕೆ ಗೊತ್ತಿಲ್ಲ. ಕಾಯಿಲೆ ಏರಿ ಅಡ್ಮಿಟ್ ಆಗಿ ಬಂದು ಎರಡರಿಂದ ನಾಲ್ಕು ವಾರ ಆದ್ಮೇಲೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 53ಕ್ಕಿಂತ ಮೇಲೇ ಇದ್ದೋರಿಗೆ ರಾತ್ರಿ ಮಾಸ್ಕ್ ಹಾಕಿ ಈ ಮೆಷಿನ್ ಕೊಟ್ಟ ಬ್ರಿಟನ್ನಿನ ಟ್ರಯಲ್ 2017ರಲ್ಲಿ ಬಂತು. ವರ್ಷದೊಳಗೆ ಮತ್ತೆ ಅಡ್ಮಿಟ್ ಆಗೋದು ಅಥವಾ ಸಾಯೋದು ಬರೀ ಆಕ್ಸಿಜನ್ ಇದ್ದೋರಲ್ಲಿ ಸುಮಾರು 80%, ಮೆಷಿನ್ನೂ ಇದ್ದೋರಲ್ಲಿ ಸುಮಾರು 63%. ಡಿಸ್ಚಾರ್ಜ್ ಆದ ಒಂದು ತಿಂಗಳೊಳಗೆ ಎಬಿಜಿ ಟೆಸ್ಟ್ (ಅಪಧಮನಿ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯೋದು) ಮತ್ತೆ ಮಾಡಿಸ್ಬೇಕಾ ಅಂತ ಕೇಳೋದು ಇದಕ್ಕೇ.

ಆಕ್ಸಿಜನ್ ಜಾಸ್ತಿ ಕೊಟ್ರೆ ಅಪಾಯ

ಮನೇಲಿ ಆಕ್ಸಿಜನ್ ಬೇಕಾಗೋದು ಕಾಯಿಲೆ ಹತೋಟೀಲಿರೋವಾಗ್ಲೂ ಎಸ್‌ಪಿಒ2 (ಬೆರಳಿಗೆ ಹಾಕೋ ಆಕ್ಸಿಮೀಟರ್ ತೋರಿಸೋ ಆಕ್ಸಿಜನ್ ಮಟ್ಟ) 88% ಅಥವಾ ಕೆಳಗಿರೋರಿಗೆ, ಎಬಿಜಿಯಲ್ಲಿ ಆಕ್ಸಿಜನ್ 55 ಅಥವಾ ಕಮ್ಮಿ ಇರೋರಿಗೆ. ಅಂಥೋರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಕೊಟ್ರೆ ಆಯಸ್ಸು ಹೆಚ್ಚುತ್ತೆ, ಇದು 1980ರ ಆಸುಪಾಸಿನ ಟ್ರಯಲ್‌ಗಳಿಂದಲೇ ಗೊತ್ತಿದೆ. 2024ರಲ್ಲಿ ಸ್ವೀಡನ್‌ನಿಂದ ಬಂದ ಟ್ರಯಲ್‌ನಲ್ಲಿ 24 ಗಂಟೆ ಕೊಟ್ಟೋರಿಗೂ 15 ಗಂಟೆ ಕೊಟ್ಟೋರಿಗೂ ಆಸ್ಪತ್ರೆ ಸೇರೋದ್ರಲ್ಲಿ, ಸಾವಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಪೈಪು ತೆಗೆದಿಟ್ಟು ಜಗಲಿಗೆ ಬಂದು ಕೂತು ನಾಲ್ಕು ಜನರ ಜೊತೆ ಮಾತಾಡೋಕೆ ಸಂಕೋಚ ಪಡೋರಿಗೆ ಇದು ದೊಡ್ಡ ಸಮಾಧಾನ, ಡಾಕ್ಟರ್ ಜೊತೆ ಮಾತಾಡಿ ಆ ಗಂಟೆಗಳನ್ನ ಗೊತ್ತು ಮಾಡ್ಕೊಳ್ಳಿ. ವಿಶ್ರಾಂತಿಯಲ್ಲಿ 89%ನಿಂದ 93% ಇರೋರಿಗೆ ದಿನವಿಡೀ ಮನೆ ಆಕ್ಸಿಜನ್ನಿಂದ ಲಾಭ ಇಲ್ಲ ಅಂತ 2016ರ ಟ್ರಯಲ್ ತೋರಿಸಿದೆ, ಸುಮ್ಮನೆ ಸಾಲ ಮಾಡಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡೋ ಮೆಷಿನ್) ತರ್ಬೇಡಿ.

ಕೋವಿಡ್ ಆದ್ಮೇಲೆ ಎಲ್ಲರ ತಲೇಲೂ 95ಕ್ಕಿಂತ ಕಮ್ಮಿ ಅಂದ್ರೆ ಡೇಂಜರ್ ಅಂತ ಕೂತುಬಿಟ್ಟಿದೆ. ಆಕ್ಸಿಜನ್ ಮೇಲಿರೋ ಸಿಒಪಿಡಿ ರೋಗಿಗೆ ಹೆಚ್ಚಾಗಿ ಗುರಿ 88ರಿಂದ 92. ಒಬ್ಬೊಬ್ಬರು ನಂಬರ್ 90 ತೋರಿಸ್ತು ಅಂತ ನಾಬ್ ತಿರುಗಿಸಿ ಎರಡು ಲೀಟರ್‌ನ ಐದಕ್ಕೆ ಏರಿಸ್ತಾರೆ, ಪರದೆ ಮೇಲೆ 98 ಕಾಣುತ್ತೆ, ಮನೆಯವರಿಗೆ ಖುಷಿ, ರೋಗಿ ಮಾತ್ರ ತೂಕಡಿಸೋಕೆ ಶುರು ಮಾಡ್ತಾರೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಇರುತ್ತೆ, ಆಕ್ಸಿಮೀಟರ್ ಅದನ್ನ ತೋರಿಸಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲೇ ಮಾಡಿದ ಟ್ರಯಲ್ 2010ರಲ್ಲಿ ಬಂತು, ಧಾರಾಳವಾಗಿ ಆಕ್ಸಿಜನ್ ಕೊಟ್ಟೋರಲ್ಲಿ 9% ಜನ ಸತ್ರು, 88ರಿಂದ 92ಕ್ಕೆ ಹಿಡಿದು ಕೊಟ್ಟೋರಲ್ಲಿ 4%.

ಆಕ್ಸಿಮೀಟರ್ ಹಾಕೋವಾಗ ಬೆರಳು ಬೆಚ್ಚಗಿರಲಿ, ನೈಲ್ ಪಾಲಿಶ್ ಬೇಡ. ಕಪ್ಪು ಚರ್ಮದೋರಲ್ಲಿ ಅದು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸೋದು ಕಂಡುಬಂದಿದೆ, ನಂಬರ್ ಚೆನ್ನಾಗಿದ್ದೂ ಮನುಷ್ಯ ಚೆನ್ನಾಗಿಲ್ಲ ಅನ್ನಿಸಿದ್ರೆ ಮನುಷ್ಯನನ್ನೇ ನಂಬಿ. ಆಕ್ಸಿಜನ್ ಇರೋ ಕೋಣೇಲಿ ದೀಪ, ಕರ್ಪೂರ, ಊದುಬತ್ತಿ, ಬೀಡಿ, ಗ್ಯಾಸ್ ಸ್ಟವ್ ಯಾವುದೂ ಹತ್ರ ಬೇಡ, ಮಂಗಳಾರತಿ ತಟ್ಟೆ ಕೂಡ ಅವರ ಮುಖದ ಹತ್ರ ತರ್ಬೇಡಿ, ಮೂಗು ಒಣಗಿದ್ರೆ ವ್ಯಾಸ್ಲೀನ್ ಬದಲು ನೀರಿನಂಶದ ಜೆಲ್ ಹಚ್ಚಿ. ಕರೆಂಟ್ ಹೋದಾಗ ಕಾನ್ಸಂಟ್ರೇಟರ್ ನಿಂತುಹೋಗುತ್ತೆ, ಹಳ್ಳಿಯಾದ್ರೆ ಒಂದು ಸಣ್ಣ ಸಿಲಿಂಡರ್ ಜೊತೆಗಿರಲಿ.

ಏಕಾಏಕಿ ಜಾಸ್ತಿ ಆದಾಗ

ಎಂದಿನ ಏದುಸಿರು ಜಾಸ್ತಿಯಾಗೋದು, ಕಫ ಜಾಸ್ತಿಯಾಗೋದು, ಕಫದ ಬಣ್ಣ ಬಿಳಿಯಿಂದ ಹಳದಿ ಹಸಿರಿಗೆ ತಿರುಗೋದು, ಇವು ಮೂರನ್ನ ದಿನಾ ನೋಡ್ತಿರಿ. ಕಫ ಬಣ್ಣ ತಿರುಗಿದ್ರೆ ಆಂಟಿಬಯಾಟಿಕ್ ಬೇಕಾಗ್ಬಹುದು, ಬರೀ ಏದುಸಿರಾದ್ರೆ ಪ್ರತಿ ಸಲ ಬೇಕಾಗಲ್ಲ. ಸ್ಟಿರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಐದು ದಿನ ಕೊಟ್ರೂ ಹದಿನಾಲ್ಕು ದಿನ ಕೊಟ್ಟಷ್ಟೇ ಫಲ ಅಂತ 2013ರ ಟ್ರಯಲ್ ತೋರಿಸ್ತು, ಆದ್ರೂ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತಿಂಗಳುಗಟ್ಟಲೆ ತಗೊಳ್ಳೋರು ಇದಾರೆ, ಶುಗರ್ ಏರುತ್ತೆ, ಮೂಳೆ ಸವೆಯುತ್ತೆ, ತೊಡೆ ಬಲ ಹೋಗುತ್ತೆ. ಚೆನ್ನಾಗಿರೋವಾಗಲೇ ಡಾಕ್ಟರ್ ಹತ್ರ ಕೂತು "ಇಂಥ ಲಕ್ಷಣ ಬಂದ್ರೆ ಇದನ್ನ ಇಷ್ಟು ದಿನ, ಅದಕ್ಕೂ ಬಗ್ಗದಿದ್ರೆ ಇಲ್ಲಿಗೆ" ಅಂತ ಒಂದು ಹಾಳೇಲಿ ಬರೆಸ್ಕೊಂಡು ಬಂದು ಗೋಡೆಗೆ ಅಂಟಿಸಿ.

ಒಂದು ವಾಕ್ಯ ಪೂರ್ತಿ ಹೇಳೋಕಾಗ್ತಿಲ್ಲ, ತುಟಿ ಉಗುರು ನೀಲಿಯಾಗಿದೆ, ತಬ್ಬಿಬ್ಬಾಗಿ ಏನೇನೋ ಮಾತಾಡ್ತಾರೆ, ಎಬ್ಬಿಸಿದ್ರೂ ತೂಕಡಿಸ್ತಾರೆ, ಎದೆ ನೋವು, ಯಾವತ್ತಿನ ಆಕ್ಸಿಜನ್ ಕೊಟ್ಟೂ 88ರ ಕೆಳಗೇ ಇದೆ, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಬರೋವರೆಗೆ ಮಲಗಿಸ್ಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ, ಸ್ಪೇಸರ್‌ನಲ್ಲಿ ಸಾಲ್ಬ್ಯುಟಮಾಲ್ ಕೊಡಿ. ಹೋಗೋವಾಗ ಇನ್‌ಹೇಲರ್‌ಗಳು, ಹಿಂದಿನ ಡಿಸ್ಚಾರ್ಜ್ ಸಮ್ಮರಿ, ಕೊನೇ ಎಬಿಜಿ ರಿಪೋರ್ಟ್ ಒಂದು ಚೀಲದಲ್ಲಿರಲಿ, ಆ ಚೀಲದ ಮೇಲೇ ಒಂದು ಚೀಟಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಡಿ: "ಸಿಒಪಿಡಿ ರೋಗಿ, ಆಕ್ಸಿಜನ್ ಗುರಿ 88ರಿಂದ 92". ಆಂಬುಲೆನ್ಸ್‌ನೋರಿಗೂ ಎಮರ್ಜೆನ್ಸಿಯಲ್ಲಿ ಮೊದಲು ಸಿಕ್ಕೋ ಡಾಕ್ಟರ್‌ಗೂ ಅದನ್ನ ತೋರ್ಸಿ, ಬಾಯಲ್ಲೂ ಹೇಳಿ.